ಎರಡು ಇಂಚು ಮೇಲೆ

ಗುರುವಾರ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಬಸವೇಶ್ವರನಗರದ ಈಜುಕೊಳದ ಆಳದ ತುದಿಯಲ್ಲಿ, ಚನ್ನವೀರೇಶನ ಕೈಗೆ ಸತ್ಯವತಿಯ ವಾಲ್ವ್ ಸಿಗಲಿಲ್ಲ.

ಅದು ಆಳದ ಡೈವಿಂಗಿನ ಅಭ್ಯಾಸ. ಇಬ್ಬರ ಮಾಸ್ಕಿನ ಗಾಜಿಗೂ ಕಪ್ಪು ಟೇಪ್ ಅಂಟಿಸಿತ್ತು. ಕಣ್ಣು ಬಿಟ್ಟಿದ್ದವನು ಮೂರನೆಯವನಾದ ಶಿವಕಿರಣ್ ಒಬ್ಬನೇ. ಅವನು ಸತ್ಯವತಿಯ ತಲೆಯ ಹಿಂದೆ ಗುಳ್ಳೆ ಬಿಟ್ಟ. ಬೆನ್ನ ಮೇಲಿನ ಜೋಡಿ ಸಿಲಿಂಡರಿನಲ್ಲಿ ಬಲಗಡೆಯದು ಸೋರುತ್ತಿದೆ, ಅವಳ ಕೈ ಹಗ್ಗಕ್ಕೆ ಸಿಕ್ಕಿಕೊಂಡಿದೆ ಎಂದು ಅದರ ಅರ್ಥ. ಜೊತೆಗಾರ ಕತ್ತಲೆಯಲ್ಲಿ ತಡಕಿ ಆ ವಾಲ್ವನ್ನು ಮುಚ್ಚಬೇಕು. ಚನ್ನವೀರೇಶನ ಕೈ ಪ್ರತಿಸಲ ಹೋಗುವ ಜಾಗಕ್ಕೇ ಹೋಯಿತು. ಅಲ್ಲಿ ನುಣ್ಣನೆಯ ಉಕ್ಕು ಮಾತ್ರ ಇತ್ತು. ಕೈ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಕೊನೆಗೆ ತಪ್ಪಾಗಿ ನಡುವಿನ ವಾಲ್ವನ್ನು ಹಿಡಿದು ತಿರುಗಿಸಿತು. ಶಿವಕಿರಣ್ ಇಬ್ಬರ ಭುಜವನ್ನೂ ತಟ್ಟಿದ. ಮುಗಿಯಿತು, ಮೇಲೆ ಬನ್ನಿ.

"ಏನ್ರೀ ಡಾಕ್ಟ್ರೇ, ವಾಲ್ವ್ ಮನೇಲೇ ಬಿಟ್ ಬಂದ್ರಾ?" ಮಾಸ್ಕ್ ಕಿತ್ತು ಚನ್ನವೀರೇಶ ನಕ್ಕ. ಕಾಮಾಕ್ಷಿಪಾಳ್ಯದಲ್ಲಿ ಅವನದು ಪೈಪು, ನಲ್ಲಿಗಳ ಸಗಟು ವ್ಯಾಪಾರ. ಎಂಥ ಹೊತ್ತಿನಲ್ಲೂ ಒಂದು ತಮಾಷೆ ಅವನ ಬಳಿ ಇರುತ್ತಿತ್ತು.

ಶಿವಕಿರಣ್ ನಗಲಿಲ್ಲ. ಈಜಿಕೊಂಡು ಸತ್ಯವತಿಯ ಹಿಂದೆ ಹೋದ. ಸಿಲಿಂಡರುಗಳನ್ನು ಬೆನ್ನಿನ ತಗಡಿಗೆ ಬಿಗಿಯುವ ಉಕ್ಕಿನ ಪಟ್ಟಿಯ ಮೇಲೆ ಅಂಗೈ ಇಟ್ಟು ಅಳೆದ.

"ಮೇಡಂ, ಸಿಲಿಂಡರ್ ಮೇಲಿದೆ."

"ಎರಡು ಇಂಚು," ಎಂದಳು ಸತ್ಯವತಿ.

ಆ ಗುಂಪಿನಲ್ಲಿ ಎಲ್ಲರ ಸಲಕರಣೆಯೂ ಒಂದೇ. ಉಸಿರಿನ ಪೈಪಿನ ಉದ್ದ ಒಂದೇ, ಚಾಕು ಸೊಂಟದ ಒಂದೇ ಕಡೆ, ಕೊಂಡಿ ಕಟ್ಟುವ ದಾರದ ಗಂಟೂ ಒಂದೇ ಬಗೆಯದು. ಮಾಗಡಿ ಕಡೆಯ ಹಳೆಯ ಕಲ್ಲು ಕ್ವಾರಿಯಲ್ಲಿ ಇಪ್ಪತ್ತು ಮೀಟರ್ ದಾಟಿದರೆ ಬೆಳಕಿಲ್ಲ. ಕೆಸರೆದ್ದರೆ ಟಾರ್ಚ್ ಹಚ್ಚಿದರೂ ಸ್ವಂತ ಕೈ ಕಾಣುವುದಿಲ್ಲ. ಅಲ್ಲಿ ಜೊತೆಗಾರನ ಮೈಮೇಲೆ ಯಾವುದು ಎಲ್ಲಿದೆ ಎಂಬುದು ಬೆರಳಿಗೆ ಗೊತ್ತಿರಬೇಕು. ಈ ನಿಯಮಗಳನ್ನು ಮಾಡಿದವಳು ಸತ್ಯವತಿಯೇ. ತನ್ನ ವಾಲ್ವನ್ನು ತಾನೇ ಮುಟ್ಟಿ ಮುಚ್ಚಲಾರದವರು ಆಳಕ್ಕೆ ಇಳಿಯಬಾರದು ಎಂಬುದೂ ಅವಳದೇ ನಿಯಮ.

ಅವಳು ವಿಜಯನಗರದಲ್ಲಿ ದಂತವೈದ್ಯೆ. ಕೆಳಗೆ ಒಂದು ಕುರ್ಚಿಯ ಕ್ಲಿನಿಕ್, ಮೇಲೆ ಮನೆ. ಮದುವೆ ಮುರಿದು ಬಹಳ ಕಾಲವಾಗಿತ್ತು; ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಯುಗಾದಿಯ ಹೊತ್ತಿಗೆ ಬಲಭುಜ ಹಿಡಿದುಕೊಂಡಿತು. ಮೊದಲು ಕುಪ್ಪಸದ ಹಿಂದಿನ ಕೊಕ್ಕೆ ಸಿಗಲಿಲ್ಲ, ಆಮೇಲೆ ತಲೆ ಬಾಚುವುದು ಎಡಗೈಗೆ ಬಂತು. ಹಲ್ಲಿನ ಕೆಲಸಕ್ಕೆ ಮೊಣಕೈ ಎತ್ತಬೇಕಿಲ್ಲವಾದ್ದರಿಂದ ರೋಗಿಗಳಿಗೆ ತಿಳಿಯಲಿಲ್ಲ. ಸಿಲಿಂಡರನ್ನು ಎರಡು ಇಂಚು ಮೇಲಕ್ಕೆ ಸರಿಸಿದರೆ ಕೈಯನ್ನು ಅಷ್ಟು ಹಿಂದಕ್ಕೆ ತಿರುಚಬೇಕಿರಲಿಲ್ಲ. ವಾಲ್ವ್ ಬೆರಳ ತುದಿಗೆ ಸಿಗುತ್ತಿತ್ತು. ಮಂಗಳವಾರ ಕ್ಲಿನಿಕ್ ಮುಚ್ಚಿದ ಮೇಲೆ ಸ್ಪ್ಯಾನರ್ ಹಿಡಿದು ಸರಿಸಿದ್ದಳು. ತನ್ನ ಕೈಗೆ ವಾಲ್ವ್ ಸಿಗುತ್ತದೆಯೇ ಎಂದಷ್ಟೇ ನೋಡಿದ್ದಳು. ಇನ್ನೊಬ್ಬರ ಕೈಯ ವಿಚಾರ ಹೊಳೆದಿರಲಿಲ್ಲ.

ಭಾನುವಾರ ಕ್ವಾರಿಯ ತಳಕ್ಕೆ ಇಳಿಯುವುದೆಂದು ನಿಶ್ಚಯವಾಗಿತ್ತು. ಹಿಂದೆ ಎಂದೋ ನೀರೆತ್ತುವ ಪಂಪು ನಿಲ್ಲಿಸಿದಾಗ ಅಲ್ಲೇ ಮುಳುಗಿದ ಕ್ರೇನ್ ಒಂದಿತ್ತು. ಅದನ್ನು ನೋಡಲೆಂದೇ ಮೂವರೂ ಎರಡು ವರ್ಷ ಅಭ್ಯಾಸ ಮಾಡಿದ್ದರು. ಮಳೆ ಶುರುವಾದರೆ ಮತ್ತೆ ಚಳಿಗಾಲದವರೆಗೆ ಆ ನೀರು ತಿಳಿಯಾಗುತ್ತಿರಲಿಲ್ಲ.

ಈಜುಕೊಳದ ಎದುರಿನ ದರ್ಶಿನಿಯಲ್ಲಿ ಕಾಫಿ ಬಂತು. ಮೂವರೂ ನಿಂತೇ ಕುಡಿದರು.

"ಭುಜದ ವಿಷ್ಯ ಯಾಕ್ ಹೇಳ್ಲಿಲ್ಲ?" ಶಿವಕಿರಣ್ ಕೇಳಿದ. ಅವನು ಅವಳ ಬಳಿಯೇ ಕಲಿತವನು.

"ಹೇಳಿದ್ರೆ ಭಾನುವಾರ ಬಿಡ್ತಿದ್ಯಾ?"

"ಇಲ್ಲ."

"ಮತ್ತೆ?"

ಚನ್ನವೀರೇಶ ಲೋಟ ಕೆಳಗಿಟ್ಟ. "ಒಂದ್ ನಿಮಿಷ ಇರ್ರಿ. ಎಲ್ಲಾ ಒಂದೇ ಥರ ಇರ್ಬೇಕು, ಅಷ್ಟೇ ಅಲ್ವಾ? ಅವ್ರದ್ದು ಎರಡಿಂಚು ಮೇಲಿದ್ರೆ ನಮ್ದೂ ಎರಡಿಂಚು ಮೇಲೆ ಮಾಡಾಣ. ಅದೇ ಸ್ಟ್ಯಾಂಡರ್ಡ್. ಮುಗೀತು."

"ಅಣ್ಣಾ, ಇದೇನು ಮದುವೆ ಬ್ಲೌಸಾ, ಎಲ್ರೂ ಒಂದೇ ಅಳತೆಗೆ ಹೊಲಿಸಕ್ಕೆ? ಯಾಕ್ ಅಲ್ಲಿಟ್ಟಿದೀವಿ ಅಂತ ಕಾರಣ ಇದೆ. ಮೇಲೆ ಹೋದ್ರೆ ತಲೆ ಎತ್ತಕ್ಕಾಗಲ್ಲ. ತಲೆ ಎತ್ತಕ್ಕಾಗ್ದೆ ಇದ್ರೆ ಮೇಲೆ ಏನಿದೆ ಕಾಣಲ್ಲ."

"ನಿನ್ ತಲೆ ಹೆಂಗೂ ಫೋನ್ ನೋಡಿ ನೋಡಿ ಬಗ್ಗೇ ಇರ್ತದಲ್ಲೋ ಮಾರಾಯ."

"ತಮಾಷೆ ಬೇಡ. ಇವತ್ತು ಎರಡಿಂಚು, ನಾಳೆ ಇನ್ನೊಬ್ರು ಬಂದು ನಂಗೆ ಪೈಪ್ ಗಿಡ್ಡ ಇರ್ಲಿ ಅಂತಾರೆ. ಒಬ್ರಿಗೆ ಬಿಟ್ಟಿದ್ದು ಎಲ್ರಿಗೂ ಬಿಟ್ಟಂಗೆ."

ಶಿವಕಿರಣ್ ಹೇಳಿದ ಕೊನೆಯ ವಾಕ್ಯ ಸತ್ಯವತಿಯದೇ. ಹಿಂದೊಮ್ಮೆ ಇದೇ ದರ್ಶಿನಿಯಲ್ಲಿ, ಆಗ ಗುಂಪಿನಲ್ಲಿದ್ದ ಗಿರಿರಾಜನಿಗೆ ಅವಳು ಹೇಳಿದ್ದು. ಗಿರಿರಾಜ ಸಿಲಿಂಡರುಗಳನ್ನು ಬೆನ್ನಿಗೆ ಕಟ್ಟದೆ ಎರಡು ಪಕ್ಕೆಗೆ ತೂಗುಹಾಕಿಕೊಂಡು ಇಳಿಯುತ್ತೇನೆ ಎಂದಿದ್ದ. ಅವಳು ಒಪ್ಪಲಿಲ್ಲ, ಅವನು ಗುಂಪು ಬಿಟ್ಟ. ಶಿವಕಿರಣ್ ಆ ದಿನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ.

"ಮನುಷ್ಯ ದೊಡ್ಡವನೋ ರೂಲ್ ದೊಡ್ಡದೋ?" ಚನ್ನವೀರೇಶ ದನಿ ಏರಿಸಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು. "ನಿಂಗೆ ನೀರಲ್ಲಿ ಉಸಿರಾಡೋದ್ ಕಲಿಸ್ದೋರು ಕಣೋ ಅವ್ರು."

ಶಿವಕಿರಣ್ ಸತ್ಯವತಿಯ ಕಡೆ ನೋಡದೆ ಹೇಳಿದ: "ನೀವು ಹೇಳಿ ಮೇಡಂ. ಸಿಲಿಂಡರ್ ಮೇಲೆತ್ತು ಅಂದ್ರೆ ಎತ್ತೀನಿ."

"ಯೋಚ್ನೆ ಮಾಡ್ತೀನಿ," ಎಂದು ಅವಳು ಸ್ಕೂಟರ್ ಹತ್ತಿದಳು.

ಆ ದಿನ ಒಂಬತ್ತು ರೋಗಿಗಳು ಬಂದರು. ಕೈಗವಸು ತೊಟ್ಟು ಒಂಬತ್ತು ಜನರ ಗಲ್ಲ ಹಿಡಿದಳು. ಮಧ್ಯಾಹ್ನ ಅನ್ನ ಸಾರು ಬಿಸಿ ಮಾಡಿಕೊಂಡು, ಪಾತ್ರೆ ತೊಳೆಯುವಾಗ ಗಿರಿರಾಜನಿಗೆ ಫೋನ್ ಮಾಡಿದಳು. ಅವನು ಕೆಂಗೇರಿ ಉಪನಗರದಲ್ಲಿದ್ದ. ತಿಂಗಳಿಗೊಮ್ಮೆ ಬೇರೊಂದು ಕ್ವಾರಿಯಲ್ಲಿ ಒಬ್ಬನೇ ಇಳಿಯುತ್ತಾನೆ ಎಂದು ಕೇಳಿದ್ದಳು.

"ಓಹೋ, ಹೈಕಮಾಂಡು!" ಅವನ ದನಿಯಲ್ಲಿ ಹಗೆ ಇರಲಿಲ್ಲ. ಅವಳು ಹೇಳಿದ್ದನ್ನು ಪೂರ್ತಿ ಕೇಳಿದ. "ಪಕ್ಕೆಗೆ ತೂಗುಹಾಕ್ಕೊಳಿ. ವಾಲ್ವ್ ಕಂಕುಳಲ್ಲೇ ಇರತ್ತೆ, ಭುಜ ಎತ್ತೋದೇ ಬೇಡ. ನನ್ ಜೊತೆ ಬನ್ನಿ."

"ಜೊತೆ ಅಂದ್ರೆ?"

"ಜೊತೆ ಅಂದ್ರೆ ಒಂದೇ ನೀರು. ನಿಮ್ಮ ಪಾಡಿಗೆ ನೀವು, ನನ್ನ ಪಾಡಿಗೆ ನಾನು. ನಿಮ್ಮ ಸಾಮಾನು ಹೆಂಗಿದೆ ಅಂತ ನಾನ್ ಕೇಳಲ್ಲ, ನನ್ನದು ನೀವ್ ಕೇಳ್ಬೇಡಿ. ನಂಬಿಕೆ ಬೇರೆಯವ್ರ ಮೇಲಿಟ್ರೇ ತೊಂದ್ರೆ."

"ಇಳಿಯೋಕ್ ಮುಂಚೆ ನನ್ನ ಪೈಪು ಪಟ್ಟಿ ಯಾರ್ ನೋಡ್ತಾರೆ?"

"ನೀವೇ. ಮನೇಲಿ ಕನ್ನಡಿ ಇಲ್ವಾ?" ಎಂದು ಅವನು ನಕ್ಕ.

ಅವಳೂ ನಕ್ಕಳು. ಫೋನ್ ಇಟ್ಟ ಮೇಲೆ ನಲ್ಲಿ ನಿಲ್ಲಿಸಿದಳು. ಗುಂಪಿನಲ್ಲಿ ನೀರಿಗಿಳಿಯುವ ಮೊದಲು ಒಬ್ಬರನ್ನೊಬ್ಬರು ಮುಟ್ಟಿ ನೋಡುವ ಕ್ರಮವಿತ್ತು. ಕುತ್ತಿಗೆಯಿಂದ ಸೊಂಟದವರೆಗೆ ಪೈಪಿನ ಗುಂಟ ಬೆರಳಾಡಿಸಿ, ಭುಜದ ಪಟ್ಟಿ ಎಳೆದು, ಬೆನ್ನಿಗೊಮ್ಮೆ ತಟ್ಟಿ 'ಸರಿ' ಅನ್ನಬೇಕು. ಅದೂ ಅವಳು ಮಾಡಿದ ಕ್ರಮವೇ. ಒಬ್ಬರಿಗೆ ಒಂದೂವರೆ ನಿಮಿಷ ಹಿಡಿಯುತ್ತಿತ್ತು. ವಾರದ ಉಳಿದ ಹೊತ್ತಿನಲ್ಲಿ ಅವಳನ್ನು ಯಾರೂ ಮುಟ್ಟುತ್ತಿರಲಿಲ್ಲ.

ಶುಕ್ರವಾರ ಸಂಜೆ ಸಿಲಿಂಡರಿಗೆ ಗಾಳಿ ತುಂಬಿಸಲು ಅವಳು ಕಂಪ್ರೆಸರ್ ಇದ್ದ ಚನ್ನವೀರೇಶನ ಗೋಡೌನಿಗೆ ಹೋದಳು. ಪಕ್ಕದ ಗಾರ್ಮೆಂಟ್ಸ್ ಕಾರ್ಖಾನೆ ಬಿಟ್ಟ ಹೊತ್ತು; ಬೀದಿ ತುಂಬ ಹೆಂಗಸರು ಬಸ್ಸಿಗೆ ಓಡುತ್ತಿದ್ದರು. ಒಳಗೆ ಪೈಪಿನ ರಾಶಿಗಳ ನಡುವೆ ಚನ್ನವೀರೇಶನೂ ಶಿವಕಿರಣನೂ ಪೂರ್ತಿ ಸಲಕರಣೆ ಕಟ್ಟಿಕೊಂಡು ನಿಂತಿದ್ದರು. ಇಬ್ಬರ ಸಿಲಿಂಡರುಗಳೂ ಎರಡು ಇಂಚು ಮೇಲಿದ್ದವು.

"ನೋಡ್ರೀ, ಮೆರವಣಿಗೆಗೆ ರೆಡಿ," ಎಂದ ಚನ್ನವೀರೇಶ.

ಅವನ ಕುತ್ತಿಗೆ ಗಿಡ್ಡ, ಹೆಚ್ಚು ತೊಂದರೆಯಾಗಿರಲಿಲ್ಲ. ಶಿವಕಿರಣನದು ನೀಳ ಕುತ್ತಿಗೆ. ಸತ್ಯವತಿ ಅವನನ್ನು ನೆಲದ ಚಾಪೆಯ ಮೇಲೆ ಬೋರಲು ಮಲಗಿಸಿದಳು. ನೀರಿನಲ್ಲಿ ಇರುವ ಭಂಗಿ ಅದು.

"ನನ್ನ ನೋಡು."

ಅವನು ತಲೆ ಎತ್ತಿದ. ತಲೆಯ ಹಿಂಭಾಗ ಉಕ್ಕಿಗೆ ಬಡಿದು ಟಣ್ ಎಂದಿತು. ಅವನ ಕಣ್ಣು ಅವಳ ಮೊಣಕಾಲಿನವರೆಗೆ ಬಂದು ನಿಂತಿತು.

"ಕಾಣತ್ತಾ?"

"ಅಡ್ಜಸ್ಟ್ ಮಾಡ್ಕೋತೀನಿ ಮೇಡಂ. ಪಕ್ಕಕ್ಕೆ ವಾಲಿ ನೋಡಬಹುದು."

"ನಾನು ಕಾಣ್ತೀನಾ ಅಂತ ಕೇಳಿದ್ದು."

"ಚಪ್ಲಿ ಕಾಣತ್ತೆ."

ಶಿವಕಿರಣನ ಹಣೆಯಲ್ಲಿ ಬೆವರಿತ್ತು. ಅವನು ಇನ್ನೊಮ್ಮೆ ತಲೆ ಎತ್ತಿದ, ಮತ್ತೆ ಟಣ್ ಎಂದಿತು. ಕ್ವಾರಿಯಲ್ಲಿ ಮೇಲೇರುವಾಗ ತಲೆಯ ಮೇಲೆ ಬಂಡೆಯ ಚಾಚು ಇದೆ ಎಂಬುದು ಮೂವರಿಗೂ ಗೊತ್ತಿತ್ತು. ನಿನ್ನೆ ಬೆಳಗ್ಗೆ ಅದನ್ನೇ ಹೇಳಿದವನು ಈಗ ಹೇಳುತ್ತಿರಲಿಲ್ಲ.

"ಬಿಚ್ಚು," ಎಂದಳು ಸತ್ಯವತಿ.

"ಮೇಡಂ, ನಂಗೇನೂ..."

"ಬಿಚ್ಚೋ. ಸ್ಪ್ಯಾನರ್ ಎಲ್ಲಿದೆ?"

ಅವಳು ನೆಲದ ಮೇಲೆ ಕುಳಿತು ಅವನ ಸಿಲಿಂಡರಿನ ಪಟ್ಟಿಗಳನ್ನು ಸಡಿಲಿಸಿದಳು. ಎಡಗೈಯಲ್ಲಿ ತಿರುಗಿಸುತ್ತಿದ್ದುದರಿಂದ ನಿಧಾನವಾಯಿತು. ಶಿವಕಿರಣ್ ಕೈಚಾಚಿದಾಗ ಬೇಡವೆಂದು ತಲೆಯಾಡಿಸಿದಳು. ಪಟ್ಟಿಗಳನ್ನು ಹಳೆಯ ಗುರುತಿಗೆ ತಂದು ಬಿಗಿದಳು. ಆಮೇಲೆ ಚನ್ನವೀರೇಶನದನ್ನೂ ಸರಿಪಡಿಸಿದಳು.

"ನನ್ನ ಬದ್ಲು ಆ ಹೊಸ ಹುಡುಗಿ ನಿಖಿತಾನ ಕರ್ಕೊಂಡ್ ಹೋಗಿ. ಅವಳ ಅಭ್ಯಾಸ ಎಲ್ಲಾ ಆಗಿದೆ. ಹೋದ ತಿಂಗಳಿಂದ ಕಾಯ್ತಾ ಇದಾಳೆ."

"ನಿಮ್ ಕ್ರೇನು ಡಾಕ್ಟ್ರೇ ಅದು," ಎಂದ ಚನ್ನವೀರೇಶ. ಅವನ ದನಿ ತಗ್ಗಿತ್ತು. "ಭುಜ ವಾಸಿ ಆಗ್ಲಿ, ಕಾಯ್ತೀವಿ. ಕ್ರೇನೇನ್ ಓಡ್ ಹೋಗಲ್ಲ."

"ಯಾವಾಗ ವಾಸಿ ಆಗತ್ತೆ ಅಂತ ಗೊತ್ತಿಲ್ಲ. ಆಗುತ್ತೋ ಇಲ್ವೋ ಅದೂ ಗೊತ್ತಿಲ್ಲ. ಮಳೆಗೆ ಮುಂಚೆ ಹೋಗಿ ಬನ್ನಿ."

"ದಡದ ಮೇಲಾದ್ರೂ ಇರ್ರಿ. ಚಿತ್ರಾನ್ನ ನಾನ್ ತರ್ತೀನಿ."

"ಭಾನುವಾರ ನಂಗೆ ಬೇರೆ ಕೆಲ್ಸ ಇದೆ."

ಶಿವಕಿರಣ್ ಚಾಪೆ ಸುತ್ತುತ್ತಿದ್ದ. "ನಾನ್ ನಿನ್ನೆ ಹಂಗೆ ಹೇಳಬಾರದಿತ್ತು ಮೇಡಂ," ಎಂದ.

"ಸರಿಯಾಗೇ ಹೇಳ್ದೆ. ನೀನು ಹೇಳ್ದೆ ಇದ್ದಿದ್ರೆ ನಿನ್ನ ಸರ್ಟಿಫಿಕೇಟ್ ವಾಪಸ್ ಇಸ್ಕೊಳ್ತಿದ್ದೆ," ಎಂದು ಅವಳು ಸ್ಪ್ಯಾನರನ್ನು ಅವನ ಕೈಗಿಟ್ಟಳು. ತನ್ನ ಸಿಲಿಂಡರುಗಳನ್ನು ತುಂಬಿಸದೆ ಅಲ್ಲೇ ಬಿಟ್ಟು ಹೊರಟಳು. ಮಾಗಡಿ ರಸ್ತೆಯಲ್ಲಿ ವಾಹನಗಳು ಕದಲುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ನಿಖಿತಾಳ ಫೋನ್ ಬಂತು, ಎತ್ತಲಿಲ್ಲ. ಮನೆಗೆ ಬಂದು ಮೆಟ್ಟಿಲ ಮೇಲೆ ಕುಳಿತು ತಾನೇ ಫೋನ್ ಮಾಡಿ, ಎಷ್ಟು ಸೀಸದ ತೂಕ ಕಟ್ಟಬೇಕು, ಬಂಡೆಯ ಚಾಚು ಯಾವ ಕಡೆಗಿದೆ ಎಂದು ವಿವರವಾಗಿ ಹೇಳಿದಳು. ಹುಡುಗಿ ಮೂರು ಸಲ ಥ್ಯಾಂಕ್ಸ್ ಎಂದಳು.

ಭಾನುವಾರ ಬೆಳಗ್ಗೆ ನಿಖಿತಾಳೂ ಸೇರಿ ಮೂವರು ಕ್ವಾರಿಗೆ ಇಳಿದರು. ಕ್ರೇನ್ ಸಿಕ್ಕಿತು. ಎಲ್ಲರೂ ಸುರಕ್ಷಿತವಾಗಿ ಮೇಲೆ ಬಂದರು.

ಅದೇ ಹೊತ್ತಿಗೆ ಸತ್ಯವತಿ ವಿಜಯನಗರದ ಫಿಸಿಯೋಥೆರಪಿ ಕೇಂದ್ರವೊಂದರಲ್ಲಿ ಅಂಗಾತ ಮಲಗಿದ್ದಳು. ಲತಾ ಎಂಬ ಮೂವತ್ತರ ಹೆಂಗಸು ಅವಳ ಮೊಣಕೈಯನ್ನು ಒಂದು ಕೈಯಲ್ಲಿ, ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆ ಎತ್ತಿದಳು.

"ನೋವಾದ್ರೆ ಹೇಳಿ ಮೇಡಂ. ಸುಮ್ನೆ ತಡ್ಕೋಬೇಡಿ."

ನೋವಾಯಿತು. ಸತ್ಯವತಿ ಹೇಳಲಿಲ್ಲ. ಲತಾಳ ಅಂಗೈ ಬೆಚ್ಚಗಿತ್ತು.

"ಒಂದ್ ವರ್ಷ ಹಿಡೀಬಹುದು," ಎಂದಳು ಲತಾ ಕೊನೆಗೆ. "ವಾರಕ್ಕೆ ಎರಡು ಸಲ ಬಂದ್ರೆ ಸಾಕು. ಮಿಕ್ಕಿದ್ದು ಮನೇಲೇ ಮಾಡ್ಕೋಬಹುದು."

"ದಿನಾ ಬರಬಹುದಾ?"

"ಅಷ್ಟೆಲ್ಲಾ ಬೇಕಾಗಲ್ಲ ಮೇಡಂ."

ಸೋಮವಾರ ಬೆಳಗ್ಗೆ ಏಳು ಗಂಟೆಗೆ, ಕೇಂದ್ರದ ಬಾಗಿಲು ತೆರೆಯುವ ಮೊದಲೇ, ಸತ್ಯವತಿ ಅಲ್ಲಿಗೆ ಬಂದಿದ್ದಳು.