ಪೊಟ್ಟಿಯ ಹೂಂ

"ಏ ಪೊಟ್ಟಿ! ಇಲ್ಲಿ ನೋಡು, ಬೇವರ್ಸಿ! ಸಾಯುವವರೆಗೆ ನಮ್ಮ ಹಟ್ಟಿಯ ಕೆಲಸ ಮಾಡ್ತೀಯಲ್ಲ?"

ಬೆಟ್ಟಂಪಾಡಿಯ ತ್ಯಾಂಪಣ್ಣ ಧನಿ ಚಾವಡಿಯ ಮೇಲಿನಿಂದ ಕೂಗಿದ. ಅಂಗಳದಲ್ಲಿ ನಿಂತಿದ್ದ ಅಮ್ಮುವಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಬಾಯಿ ಬಾರದು; ಊರಿಗೆಲ್ಲ ಅವಳು ಪೊಟ್ಟಿ, ಮೂಗಿ. ಧನಿಯ ತುಟಿ ಅಲ್ಲಾಡಿದ್ದು ಕಂಡಿತು. ಹೂಂ ಎಂದು ತಲೆ ಆಡಿಸಿದಳು.

"ಕಂಡಿರಾ ಶಾನುಭೋಗ್ರೇ? ಒಪ್ಪಿದಳು. ಮುಚ್ಚಳಿಕೆ ಬರೀರಿ. ಕೂಲಿ ಇಲ್ಲ, ಗಂಜಿ ಬಟ್ಟೆ ಮಾತ್ರ. 'ಸ್ವಂತ ಇಷ್ಟದಿಂದ' ಅಂತ ಹಾಕಿ. ಸ್ವರಾಜ್ಯ ಬಂದ ಮೇಲೆ ಕಾನೂನು ಗೀನೂನು ಅಂತ ಉಂಟು ಮಾರಾಯ್ರೆ."

ಶಾನುಭೋಗ ಕಿಟ್ಟಣ್ಣ ಲೇಖನಿ ಮಸಿಗೆ ಅದ್ದಿದ.

ಗೊಬ್ಬರದ ಬುಟ್ಟಿ ಅಲ್ಲೇ ಬಿಸಾಡಿ ಅಮ್ಮುವಿನ ತಾಯಿ ಚೆನ್ನು ಓಡಿ ಬಂದಳು. ಈ ಹಾಳು ಹೂಂ ಕಲಿಸಿದವಳು ಅವಳೇ! ಸಣ್ಣದಿರುವಾಗ ಕರೆದರೆ ತಿರುಗುವುದಿಲ್ಲ, ಕೇಳಿದರೆ ಉತ್ತರ ಇಲ್ಲ ಎಂದು ಧನಿಯ ಮನೆಯವರೆಲ್ಲ ಮಗುವಿಗೆ ಬಾರಿಸುತ್ತಿದ್ದರು. ಬೆನ್ನು ಬಾತ ಮಗಳನ್ನು ಮಡಿಲಿಗೆ ಹಾಕಿಕೊಂಡು, ಗಲ್ಲ ಹಿಡಿದು ಮೇಲೆ ಕೆಳಗೆ ಆಡಿಸಿ ಕಲಿಸಿದ್ದಳು: ಯಾರ ಬಾಯಿ ಅಲ್ಲಾಡಿದರೂ ಹೀಗೆ ಮಾಡು ಮಗಾ, ಪೆಟ್ಟು ತಪ್ಪುತ್ತದೆ. ಇಲ್ಲ ಎನ್ನುವುದನ್ನು ಕಲಿಸಲೇ ಇಲ್ಲ. ಅದನ್ನು ಚೆನ್ನುವಿಗೂ ಯಾರೂ ಕಲಿಸಿರಲಿಲ್ಲ, ಬಿಡಿ.

ಹದಿನೆಂಟು ತುಂಬಿದ ಅಮ್ಮು ಬರುವ ಸೋಮವಾರ ಕಬಕಕ್ಕೆ ಹೋಗುವವಳಿದ್ದಳು. ಅಲ್ಲಿ ಬೀಡಿ ಕಟ್ಟುವ ರುಖಿಯಮ್ಮ, "ಬೀಡಿ ಕಟ್ಟಲಿಕ್ಕೆ ಕಿವಿ ಯಾಕೆ? ಕಳಿಸು, ನಾನು ಕಲಿಸ್ತೇನೆ, ನನ್ನ ಮನೆಯಲ್ಲೇ ಇರಲಿ" ಎಂದಿದ್ದಳು. ತಾನು ಸತ್ತ ಮೇಲೆ ಈ ಹುಡುಗಿ ಯಾರ ಕಾಲಡಿಗೂ ಬೀಳಬಾರದು. ಚೆನ್ನುವಿಗೆ ಬೇರೆ ಆಸೆಯೇ ಇರಲಿಲ್ಲ. ಆ ಸುದ್ದಿ ಧನಿಯ ಕಿವಿಗೂ ಬಿದ್ದಿತ್ತು.

"ಧನಿಗಳೇ, ಅವಳು ಎಂತ ಕೇಳಿದ್ರೂ ತಲೆ ಆಡಿಸುದು. ಅವಳಿಗೆ ಎಂತ ಗೊತ್ತುಂಟು? ಬಿಡಿ, ನಿಮ್ಮ ದಮ್ಮಯ್ಯ."

"ಬಾಯಿ ಮುಚ್ಚು, ರಂಡೆ! ಪೊಟ್ಟಿಗೆ ಬೀಡಿ ಕಟ್ಟುವ ಗತ್ತಾ? ನಿನ್ನ ಅಪ್ಪ, ಅಜ್ಜ ಎಲ್ಲ ಈ ಹಟ್ಟಿಯ ಸೆಗಣಿ ಬಾಚಿಯೇ ಸತ್ತದ್ದು. ಇವಳೆಂತ ಮೇಲಿಂದ ಇಳಿದವಳಾ?"

ಶಾನುಭೋಗ ನಕ್ಕ. "ತಲೆ ಆಡಿಸಿದ್ದು ನಾನೇ ಕಣ್ಣಾರೆ ಕಂಡೆ. ಸಾಕ್ಷಿಗೆ ಅಷ್ಟು ಸಾಕು."

ಚೆನ್ನುವಿನ ಪಿತ್ತ ನೆತ್ತಿಗೇರಿತು. ಮಗಳ ಎದುರು ಹೋಗಿ ನಿಂತಳು.

"ಅಮ್ಮೂ, ಈ ತ್ಯಾಂಪಣ್ಣ ಧನಿ ಕಳ್ಳನಾ?"

ಅಮ್ಮು ತಲೆ ಆಡಿಸಿದಳು.

"ಬಡವರ ಗಂಜಿ ಕದಿಯುವ ಬೇವರ್ಸಿಯಾ?"

ಅಮ್ಮು ಇನ್ನೂ ಜೋರಾಗಿ ಆಡಿಸಿದಳು. ಅಮ್ಮನ ಮುಖ ಕಂಡು ಸಣ್ಣಗೆ ನಕ್ಕಳು ಕೂಡ.

"ಬರೀರಿ ಶಾನುಭೋಗ್ರೇ! ಅದನ್ನೂ ಬರೀರಿ! ಕಣ್ಣಾರೆ ಕಂಡಿರಲ್ಲ?"

ಧನಿ ಚಾವಡಿಯಿಂದ ಹಾರಿ ಇಳಿದ. ಬೆತ್ತ ಚೆನ್ನುವಿನ ಮುಖಕ್ಕೇ ಬಿತ್ತು. ಎರಡನೆಯ ಪೆಟ್ಟಿಗೆ ಅವಳು ನೆಲಕ್ಕುರುಳಿದಳು. ಧನಿ ಹೆಬ್ಬೆಟ್ಟು ಒತ್ತಿಸಲು ಅಮ್ಮುವಿನ ಮಣಿಕಟ್ಟು ಹಿಡಿದು ಮಸಿಯ ಕಡೆಗೆ ಎಳೆದ. ತಲೆತಲಾಂತರದಿಂದ ಜೀತಕ್ಕಿದ್ದ ಈ ಮೂಲದಾಳುಗಳ ನೆರಳು ಬಿದ್ದರೆ ಮೀಯುವ ಮನುಷ್ಯ! ಮೈಲಿಗೆ ಆ ಹೊತ್ತಿಗೆ ಎಲ್ಲಿ ಸತ್ತಿತ್ತೋ.

ಅಮ್ಮು ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಬಿಗಿದಳು. ಧನಿ ಒಂದೊಂದೇ ಬೆರಳು ಬಿಡಿಸಲು ನೋಡಿದ, ಉಗುರು ಊರಿದ. ಶಾನುಭೋಗನೂ ಇಳಿದು ಬಂದು ಕೈ ಹಾಕಿದ.

"ಬಿಚ್ತೀಯಾ ಇಲ್ವಾ, ಪೊಟ್ಟಿ?"

ಬಿದ್ದಲ್ಲಿಂದಲೇ ಚೆನ್ನು ನೋಡಿದಳು. ಮಗಳ ತಲೆ, ಕಲಿಸಿದ ಹಾಗೆಯೇ, ಹೂಂ ಹೂಂ ಎಂದು ಆಡುತ್ತಿತ್ತು. ಮುಷ್ಟಿಯಿಂದ ರಕ್ತ ಇಳಿಯುತ್ತಿತ್ತು. ಬಿಚ್ಚಿರಲಿಲ್ಲ.