ಯಂತ್ರ ಮುಟ್ಟಿದವರು ಬರೆಯಬೇಕು

ನಮ್ಮ ಪ್ರಯೋಗಾಲಯದ ಬಾಗಿಲಿಗೆ ನಾನೇ ಅಂಟಿಸಿದ ಚೀಟಿಯೊಂದಿದೆ: ಯಂತ್ರ ಮುಟ್ಟಿದವರು ಪುಸ್ತಕದಲ್ಲಿ ಬರೆಯಬೇಕು. ಒಂದು ತಿರುಪು ಬಿಗಿ ಮಾಡಿದರೂ ಸರಿ. ದಿನ, ಹೊತ್ತು, ಹೆಸರು, ಕಾರಣ. ನಾನು ಸೆಂಗ್, ಇಲ್ಲಿನ ಮೆಕ್ಯಾನಿಕ್. ಬರೆಯದವರನ್ನು ಹದಿನಾಲ್ಕು ವರ್ಷದಿಂದ ಬೈಯುತ್ತ ಬಂದಿದ್ದೇನೆ. ಬೆನ್ನ ಹಿಂದೆ ನನ್ನನ್ನು 'ಪುಸ್ತಕದ ಸೆಂಗ್' ಅನ್ನುತ್ತಾರಂತೆ. ಅನ್ನಲಿ.

ಅಂದು ಮಧ್ಯಾಹ್ನ ಮೂರೂವರೆ. ಐದಕ್ಕೆ ಕಟ್ಟಡದ ತಣ್ಣೀರಿನ ಕೊಳವೆ ರಿಪೇರಿಗೆ ನಿಲ್ಲುವುದಿತ್ತು. ನೀರು ನಿಂತರೆ ಪಂಪು ನಿಲ್ಲಬೇಕು. ಪಂಪು ನಿಂತರೆ ಉಕ್ಕಿನ ಚೌಕಟ್ಟಿಗೆ ತೂಗುಬಿದ್ದ ನಮ್ಮ ಶೈತ್ಯಯಂತ್ರ ಬಿಸಿಯಾಗುತ್ತದೆ. ಅದರೊಳಗೆ ನಮ್ಮ ಸಂಶೋಧನಾ ವಿದ್ಯಾರ್ಥಿನಿ ಯಾಳಿನಿಯ ಚಿಪ್. ಮೊದಲಿನ ಎರಡು ಚಿಪ್‌ಗಳು ಹೀಗೇ ಬಿಸಿಯಾಗಿ ಸತ್ತಿದ್ದವು. ಇದು ಕೊನೆಯದು, ಐದರೊಳಗೆ ಅಳತೆ ಮುಗಿಯಬೇಕು. ಅವಳ ನಾಲ್ಕು ವರ್ಷದ ಪಿಎಚ್‌ಡಿ ನಿಂತಿದ್ದು ಇದರ ಮೇಲೆ.

ಹನ್ನೊಂದು ದಿನದಿಂದ ಒಂದು ಪ್ರಯೋಗವೂ ಸರಿಬಂದಿರಲಿಲ್ಲ. ಅವಳ ಮುಂದಿನ ಕಂಪ್ಯೂಟರ್ ತೆರೆಯ ಮೇಲೆ ನಾಲ್ಕು ಕಂಬಗಳು, ನಾಲ್ಕೂ ಒಂದೇ ಎತ್ತರ.

"ಇದೇನಮ್ಮ, ನಮ್ಮ ತೋವಾ ಪಾಯೋ ಬಡಾವಣೆಯ ಫ್ಲ್ಯಾಟ್ ಬ್ಲಾಕ್‌ಗಳ ತರ ಸಾಲಾಗಿ ನಿಂತಿವೆ," ಅಂದೆ.

"ನಗಿಸ್ಬೇಡಿ ಅಂಕಲ್, ಅಳು ಬರುತ್ತೆ."

"ಏನ್ ಬರ್ಬೇಕಿತ್ತು, ನನ್ನಂಥ ದಡ್ಡನಿಗೂ ತಿಳಿಯೋ ಹಾಗೆ ಹೇಳು. ಬಾಯಿಬಿಟ್ಟು ಹೇಳಿದ್ರೆ ತಪ್ಪು ಕಂಡ್ರೂ ಕಾಣ್ಬಹುದು."

ಅವಳು ಒಂದು ನಾಣ್ಯ ತೆಗೆದು ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿದಳು. "ಮಾಮೂಲಿ ಕಂಪ್ಯೂಟರಲ್ಲಿ ನಾಣ್ಯ ಮಲಗಿರುತ್ತೆ. ಸೊನ್ನೆ, ಇಲ್ಲಾ ಒಂದು. ನಮ್ಮದು ಹೀಗೆ ತಿರುಗ್ತಿರುತ್ತೆ. ಕ್ಯೂಬಿಟ್ ಅಂದ್ರೆ ಇದೇ."

"ಒಳಗೊಳಗೇ ಯಾವುದೋ ಒಂದಾಗಿರುತ್ತೆ. ನಮಗೆ ಕಾಣಲ್ಲ ಅಷ್ಟೇ."

"ಎಲ್ರೂ ಎಡವೋದೇ ಅಲ್ಲಿ! ಬಚ್ಚಿಟ್ಟಿಲ್ಲ ಅಂಕಲ್, ಎರಡೂ ಬೆರೆತಿರುತ್ತೆ. ಅಳೆದ ಕೂಡ್ಲೇ ಒಂದು ಕಡೆಗೆ ಬೀಳುತ್ತೆ. ನನ್ನ ಹತ್ರ ಇಂಥವು ಎರಡಿವೆ, ಜೋಡಿ ಮಾಡಿದ್ದೀನಿ. ಒಂದು ಸೊನ್ನೆಗೆ ಬಿದ್ರೆ ಇನ್ನೊಂದೂ ಸೊನ್ನೆ. ಒಂದಕ್ಕೆ ಬಿದ್ರೆ ಅದೂ ಒಂದು. ಸಾವಿರ ಸಲ ಅಳೆದ್ರೆ ಎರಡೂ ಸೊನ್ನೆ, ಎರಡೂ ಒಂದು ಅನ್ನೋ ಆಚೀಚೆಯ ಎರಡು ಕಂಬ ಎತ್ತರ, ಬೇರೆಬೇರೆ ಬಿದ್ದ ನಡುವಿನವು ಗಿಡ್ಡ. ಮೊದ್ಲು ಅಷ್ಟಾದ್ರೂ ಬರ್ಬೇಕು."

"ಮತ್ತೆ ಯಾಕ್ ಬರ್ತಿಲ್ಲ?"

ಅವಳು ಮೇಜಿಗೊಂದು ಏಟು ಕೊಟ್ಟಳು. ನಾಣ್ಯ ಬಿತ್ತು. "ಏನೋ ಮೇಜು ಅಲ್ಲಾಡಿಸ್ತಿದೆ. ಬಿಸಿ, ಅದುರಾಟ, ಹತ್ರದಲ್ಲಿ ಒಂದು ಮ್ಯಾಗ್ನೆಟ್, ಯಾವುದಾದ್ರೂ ಸಾಕು. ಪುಸ್ತಕ ಎರಡು ಸಲ ಓದಿದೆ. ಯಾರೂ ಏನೂ ಮುಟ್ಟಿಲ್ಲ."

ಮ್ಯಾಗ್ನೆಟ್ ಅಂದಾಗ ನನಗೆ ನೆನಪಾಯಿತು. ಹನ್ನೊಂದು ದಿನದ ಹಿಂದೆ ಕುಸು ದ್ವೀಪದ ಯಾತ್ರೆಯಿಂದ ಬಂದ ನನ್ನ ಹೆಂಡತಿ ತುವಾ ಪೆಕ್ ಕಾಂಗ್ ದೇವರ ಪುಟ್ಟ ಪಟ ಕೊಟ್ಟಿದ್ದಳು. ಹಿಂದೆ ಅಯಸ್ಕಾಂತವಿರುವ, ಫ್ರಿಜ್ಜಿಗೆ ಅಂಟಿಸುವಂಥದ್ದು. ಚೌಕಟ್ಟಿನ ಹಿಂಬದಿಗೆ ಅಂಟಿಸಿದ್ದೆ. ಬರೆದಿರಲಿಲ್ಲ. ದೇವರನ್ನು ಯಾರಾದರೂ ಪುಸ್ತಕದಲ್ಲಿ ಬರೆಯುತ್ತಾರೆಯೇ? ಪಂಪು ಅದುರಿದಾಗೆಲ್ಲ ಚೌಕಟ್ಟು ಅದುರುತ್ತದೆ, ಜೊತೆಗೆ ಪಟವೂ.

ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡರೆ ಯಾರಿಗೂ ತಿಳಿಯದು. ಆದರೆ ಅವಳು ಎಲ್ಲವನ್ನೂ ಆ ಅಯಸ್ಕಾಂತ ಅಲ್ಲಿರುವಾಗಲೇ ಹೊಂದಿಸಿದ್ದಳು. ಕದ್ದು ತೆಗೆದರೆ ಆ ಹೊಂದಿಕೆಯೆಲ್ಲ ಜಾರಿ, ಏಕೆಂದು ತಿಳಿಯದೆ ಐದರವರೆಗೂ ತಡಕಾಡುತ್ತಾಳೆ.

"ಯಾಳಿನಿ, ನಾನು ಮುಟ್ಟಿದ್ದೀನಿ," ಎಂದು ಪಟ ತಂದು ಮೇಜಿನ ಮೇಲಿಟ್ಟೆ.

"ಹನ್ನೊಂದು ದಿನ ಅಂಕಲ್! ಒಂದು ತಿರುಪಿಗೆ ನನ್ನನ್ನ ಎಲ್ಲರೆದುರು ಬೈದಿದ್ರಿ!"

"ಬೈದಿದ್ದೆ."

"ಈಗ ಮಾತಾಡ್ಬೇಡಿ. ದಯವಿಟ್ಟು."

ಮೊದಲಿನಿಂದ ಹೊಂದಿಸಲು ಕೂತಳು. ನಾಲ್ಕಾಯಿತು. ನಾಲ್ಕೂವರೆಗೆ ಕಟ್ಟಡದವರು ಫೋನ್ ಮಾಡಿ ಜ್ಞಾಪಿಸಿದರು. ಒಂದು ನಿಮಿಷ ಮುಂಚೆ ನಿಲ್ಲಿಸಿದರೂ ಸುಮ್ಮನಿರುವುದಿಲ್ಲ ಎಂದು ಗದರಿದೆ. ಲೋಟದಲ್ಲಿ ಕಾಫಿ ಆರಿತು. ನಾಲ್ಕು ಐವತ್ತಕ್ಕೆ ಅವಳು ಕೀಲಿ ಒತ್ತಿದಳು.

ಎಡಗಡೆಯ ಕಂಬ ಎದ್ದಿತು. ಬಲಗಡೆಯದೂ ಎದ್ದಿತು. ನಡುವಿನ ಎರಡೂ ನೆಲ ಕಚ್ಚಿದ್ದವು. ಉಸಿರು ಬಿಡದೆ ಮಿಕ್ಕ ಪರೀಕ್ಷೆಗಳನ್ನೂ ಓಡಿಸಿದಳು. ಕೊನೆಯದು ಮುಗಿದಾಗ ಐದಕ್ಕೆ ಒಂದು ನಿಮಿಷವಿತ್ತು. ನಾನೇ ಪಂಪು ನಿಲ್ಲಿಸಿದೆ.

ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ಅಳಲಿಲ್ಲ. ಪುಸ್ತಕ ತಂದು ಪೆನ್ನು ನನ್ನ ಕೈಗಿಟ್ಟಳು.

"ದಿನ, ಹೊತ್ತು, ಹೆಸರು."

ಬರೆದು ಮುಚ್ಚಲು ಹೋದೆ. ಅವಳು ಕೈ ಅಡ್ಡವಿಟ್ಟಳು. "ಕಾರಣ ಬಿಟ್ರಿ."

ಪೆನ್ನು ಮತ್ತೆ ಹಿಡಿದೆ. ಬರೆದೆ: ಯಾಳಿನಿಗೆ ಒಳ್ಳೆಯದಾಗಲಿ ಎಂದು.

ಅವಳು ಓದಿದಳು. ಮುಖ ಆ ಕಡೆ ತಿರುಗಿಸಿಕೊಂಡಳು.