ಹದಿನೆಂಟು ಉಸಿರು

ನಮ್ಮ ತುರ್ತು ವಿಭಾಗದಲ್ಲಿ ಎಲ್ಲರೂ ನಿಮಿಷಕ್ಕೆ ಹದಿನೆಂಟು ಸಲ ಉಸಿರಾಡುತ್ತಾರೆ. ಕಾಲು ಉಳುಕಿದವನೂ ಹದಿನೆಂಟು, ಹೊಟ್ಟೆ ಹಿಡಿದುಕೊಂಡು ಬಂದವಳೂ ಹದಿನೆಂಟು. ನಾಡಿ, ರಕ್ತದೊತ್ತಡ, ಜ್ವರ ಎಲ್ಲವನ್ನೂ ಯಂತ್ರ ಹೇಳುತ್ತದೆ. ಉಸಿರನ್ನು ಮಾತ್ರ ನಾವೇ ಎದೆ ನೋಡುತ್ತಾ ಎಣಿಸಬೇಕು. ಎದುರಿಗೆ ನಲವತ್ತು ಜನ ಕೂತು ಕಣ್ಣಲ್ಲೇ ನುಂಗುತ್ತಿರುವಾಗ ತಲೆಗೊಂದು ನಿಮಿಷ ಎಲ್ಲಿಂದ ತರಲಿ? ಅದಕ್ಕೇ ಆರೋಗ್ಯವಂತರ ಲೆಕ್ಕವಾದ ಹದಿನೆಂಟನ್ನು ನೋಡದೆಯೇ ಬರೆದುಬಿಡುತ್ತೇವೆ. ಇಪ್ಪತ್ತೆರಡು ವರ್ಷದಿಂದ ನರ್ಸ್ ಆಗಿರುವ ನಾನೇ ಹೊಸ ಹುಡುಗಿಯರಿಗೆ ಈ ಸೋಮಾರಿತನ ಕಲಿಸಿದವಳು.

ಅಂದು ರಾತ್ರಿ ಪಾಳಿ ಮುಗಿದರೂ ಬೆಳಗಿನವಳು ಬಾರದೆ ನಾನೇ ಮುಂದುವರಿದಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಾಲು ನನ್ನದಲ್ಲ ಅನ್ನಿಸುತ್ತಿತ್ತು. ಆಗ ಲಾಂಡ್ರಿ ಅಕ್ಕ ಮಗಳ ಹೆಗಲು ಹಿಡಿದು ಬಂದಳು. ಆಸ್ಪತ್ರೆಯ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡುವವಳು ಅವಳು. ನನ್ನ ಕಾಲರ್ ಸುಕ್ಕಾಗಿದ್ದರೆ ಎಮ್ಮೆ ಜಗಿದು ಉಗಿದ ಹಾಗಿದೆ ಎಂದು ಕಾಲೆಳೆದು, ಕೋಟು ಬಿಚ್ಚಿಸಿಕೊಂಡು ಹೋಗಿ ಸರಿಮಾಡಿ ತರುತ್ತಿದ್ದಳು. ನಾಲ್ಕು ದಿನದ ಹಿಂದೆ ಇಸ್ತ್ರಿಪೆಟ್ಟಿಗೆ ತಗುಲಿ ಬಲಗೈ ಸುಟ್ಟಿತ್ತಂತೆ. ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದ್ದಳು. ಈಗ ಚಳಿ, ಸುಸ್ತು.

ಜ್ವರವಿರಲಿಲ್ಲ, ಮೈ ಬಿಸಿ ಇರಬೇಕಾದದ್ದಕ್ಕಿಂತ ಕಡಿಮೆಯೇ ಇತ್ತು. ಸೋಂಕು ರಕ್ತಕ್ಕೆ ಇಳಿದಾಗ ಕೆಲವರಿಗೆ ಹಾಗಾಗುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ನಾಡಿ ಜೋರಾಗಿತ್ತು, ಮೆಟ್ಟಿಲು ಹತ್ತಿ ಬಂದಿದ್ದಾಳೆ ಅಂದುಕೊಂಡೆ. ಕೈಯ ಬಟ್ಟೆ ಬಿಚ್ಚಲಿಲ್ಲ. ಹದಿನೆಂಟು ಅಂತ ಬರೆದು, ಕಾಯಬಹುದಾದವರಿಗೆ ಕೊಡುವ ಹಸಿರು ಚೀಟಿ ಕೊಟ್ಟು ಬೆಂಚಿಗೆ ಕಳಿಸಿದೆ.

ಮಗಳು ಒಮ್ಮೆ ಬಂದು ಇನ್ನೆಷ್ಟು ಹೊತ್ತು ಎಂದು ಕೇಳಿದಳು. ಎರಡನೇ ಸಲ ಬಂದಾಗ ನಾನು ರೇಗಿದೆ, ನನಗೇನು ನಾಲ್ಕು ಕೈ ಇದೆಯಾ ಅಂದೆ. ಮೂರನೇ ಸಲ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

"ಸಿಸ್ಟರ್, ಅಮ್ಮ ನನ್ನನ್ನ ಅತ್ತಿಗೆ ಅಂತ ಕರೀತಿದಾಳೆ."

ಕೈಲಿದ್ದ ಚೀಟಿ ಬಿಟ್ಟು ಓಡಿದೆ. ಬೆಂಚಿನ ಮುಂದೆ ಕೂತು, ಗಡಿಯಾರ ನೋಡುತ್ತಾ ಅವಳ ಉಸಿರು ಎಣಿಸಿದೆ. ಹದಿನೆಂಟಾಯಿತು, ಅರ್ಧ ನಿಮಿಷಕ್ಕೇ. ಕೈಯ ಬಟ್ಟೆ ಬಿಚ್ಚಿದರೆ ಕೆಂಪು ಮೊಣಕೈ ದಾಟಿ ಮೇಲೇರಿತ್ತು.

ಮಂಚಕ್ಕೆ ಹಾಕಿದೆವು. ಆ್ಯಂಟಿಬಯಾಟಿಕ್ ಹೋಯಿತು, ಎರಡು ಡ್ರಿಪ್ ಸುರಿದವು, ರಕ್ತದೊತ್ತಡ ಮಾತ್ರ ಏಳಲಿಲ್ಲ. ಡಾಕ್ಟರು ನನ್ನ ಹಾಳೆ ತಿರುಗಿಸಿ ನೋಡಿದರು. ಬಂದಾಗ ಉಸಿರು ಸರಿಯಾಗಿಯೇ ಇತ್ತಲ್ಲ, ಈಗಷ್ಟೇ ಏರಿರೋದು, ಡ್ರಿಪ್ಪಿನಲ್ಲೇ ಸುಧಾರಿಸಬಹುದು, ಇನ್ನೊಂದು ಗಂಟೆ ನೋಡೋಣ ಎಂದರು. ಯಾರ ತಪ್ಪೂ ಇಲ್ಲಮ್ಮ ಎಂದು ಮಗಳಿಗೆ ಸಮಾಧಾನ ಹೇಳಿದರು. ಬಾಯಿ ಮುಚ್ಚಿಕೊಂಡಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಆ ಒಂದು ಗಂಟೆ ಅಕ್ಕನ ಹತ್ತಿರ ಇರಲಿಲ್ಲ.

"ಆ ಹದಿನೆಂಟು ನಾನು ಎಣಿಸಿದ್ದಲ್ಲ ಡಾಕ್ಟ್ರೇ. ಸುಮ್ನೆ ಬರೆದಿದ್ದು. ಬಂದಾಗಿಂದ ಹೀಗೇ ಇದ್ದಿರಬೇಕು."

ಅವರು ನನ್ನ ಮುಖ ನೋಡಲಿಲ್ಲ. ರಕ್ತದೊತ್ತಡ ಏರಿಸುವ ಔಷಧಿ ತಕ್ಷಣ ಹಾಕಿಸಿ, ತೀವ್ರ ನಿಗಾ ಘಟಕಕ್ಕೆ ಫೋನ್ ಮಾಡಿದರು. ಮಗಳು ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ನಾನು ಮೂರು ಸಲ ಬಂದಿದ್ದೆ ಸಿಸ್ಟರ್," ಎಂದಳು ಅಷ್ಟೆ.

ಲಾಂಡ್ರಿ ಅಕ್ಕ ಬದುಕಿದಳು. ಬಲಗೈಯ ನಾಲ್ಕು ಬೆರಳು ಕಪ್ಪಾಗಿ, ತೆಗೆಯಬೇಕಾಯಿತು. ಹನ್ನೆರಡನೇ ದಿನ ವಾರ್ಡಿಗೆ ಬಂದಳೆಂದು ತಿಳಿದು, ಪಾಳಿ ಮುಗಿಸಿ ಹೋದೆ. ಮಂಚದ ಪಕ್ಕ ನಿಂತೆ. ಮಗಳು ಅವಳಿಗೆ ಎಲ್ಲವನ್ನೂ ಹೇಳಿದ್ದಳು. ಅಕ್ಕ ನನ್ನ ಕಾಲರ್ ನೋಡಿದಳು.

"ಸುಕ್ಕಾಗಿದೆ ಸಿಸ್ಟರ್," ಎಂದಳು. "ಇನ್ಮೇಲೆ ನೀವೇ ಇಸ್ತ್ರಿ ಮಾಡ್ಕೋಬೇಕು."